ಹಾಸಿಗೆಯಲ್ಲಿ ಗಂಡಸನ್ನು ಕಾಡುವ ಭಯ: ದೇಹದ್ದೆಷ್ಟು, ಮನಸ್ಸಿನದ್ದೆಷ್ಟು?

2025ರ ನವೆಂಬರ್‌ನಲ್ಲಿ ಬೆಂಗಳೂರಿನ ಜ್ಞಾನಭಾರತಿ ಪೊಲೀಸ್ ಠಾಣೆಗೆ ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ದೂರು ಕೊಟ್ಟರು. 2023ರಲ್ಲಿ ಮದುವೆಯಾದವರು. ಲೈಂಗಿಕ ಸಮಸ್ಯೆ ಇತ್ತು, ಮೊದಲು ಆಸ್ಪತ್ರೆಗೇ ಹೋಗಿದ್ದರು. ಆಮೇಲೆ ರಸ್ತೆ ಬದಿಯಲ್ಲಿ ಒಂದು ಟೆಂಟ್ ಕಣ್ಣಿಗೆ ಬಿತ್ತು. ಅಲ್ಲಿಂದ ಒಬ್ಬ 'ಗುರೂಜಿ'ಯ ಪರಿಚಯವಾಯಿತು. ಆತ ಹೇಳಿದ 'ಬೂಟಿ' ಎಂಬ ಔಷಧಿಯ ಬೆಲೆ ಒಂದು ಗ್ರಾಮಿಗೆ 1.6 ಲಕ್ಷ ರೂಪಾಯಿ. ದೂರಿನ ಪ್ರಕಾರ, ಸಾಲ ಸೋಲ ಮಾಡಿ ಅವರು ಸುರಿದ ಹಣ ಸುಮಾರು 48 ಲಕ್ಷ. ಸಮಸ್ಯೆ ಹಾಗೇ ಉಳಿಯಿತು. ಪರೀಕ್ಷೆ ಮಾಡಿಸಿದಾಗ ಕಿಡ್ನಿಗೂ ತೊಂದರೆಯಾಗಿದೆ ಎಂದು ಗೊತ್ತಾಯಿತು.

ಇಷ್ಟು ಓದಿದವರು ಹೀಗೆ ಮೋಸ ಹೋದರಾ ಎಂದು ಅನ್ನಿಸುವುದು ಸಹಜ. ಆದರೆ ಈ ವಿಷಯದಲ್ಲಿ ಓದು ಕೈಹಿಡಿಯುವುದು ಕಡಿಮೆ. ಸಕ್ಕರೆ ಕಾಯಿಲೆ ಬಂದರೆ ಆಫೀಸಿನಲ್ಲಿ ನಾಲ್ಕು ಜನರ ಹತ್ತಿರ ಕೇಳುತ್ತೇವೆ, ಯಾವ ಡಾಕ್ಟರ್ ಒಳ್ಳೆಯವರು ಅಂತ. ಹಾಸಿಗೆಯಲ್ಲಿ ಆಗುತ್ತಿಲ್ಲ ಎಂದು ಯಾರನ್ನು ಕೇಳುವುದು? ಅಣ್ಣನನ್ನು ಕೇಳುವ ಹಾಗಿಲ್ಲ. ಗೆಳೆಯರ ಹತ್ತಿರ ಹೇಳಿದರೆ ಜೀವನಪೂರ್ತಿ ಅದೇ ಮಾತು. ಹೆಂಡತಿಗಂತೂ ಹೇಳಲು ಬಾಯೇ ಬರುವುದಿಲ್ಲ. ಯಾರಿಗೂ ಹೇಳದ ಈ ಒಂಟಿತನದಿಂದಲೇ ಟೆಂಟಿನವರ ವ್ಯಾಪಾರ ನಡೆಯುತ್ತದೆ. ನಾನು ಇಲ್ಲಿ ಹೇಳಬೇಕೆಂದಿರುವುದೂ ಅದನ್ನೇ. ಈ ತೊಂದರೆ ಬಹಳಷ್ಟು ಸಲ ಭಯದಿಂದ ಹುಟ್ಟುತ್ತದೆ, ಗುಟ್ಟಾಗಿಟ್ಟಷ್ಟೂ ಬೆಳೆಯುತ್ತದೆ. ಬಾಯಿಬಿಟ್ಟು ಹೇಳಿದ ದಿನದಿಂದ ಇಳಿಯಲು ಶುರುವಾಗುತ್ತದೆ.

ಮೊದಲು ದೇಹದ ಕೆಲಸ ನೋಡೋಣ. ಶಿಶ್ನದ ಒಳಗೆ ಸಣ್ಣ ಸಣ್ಣ ಪೊಳ್ಳುಗಳಿಂದಾದ ಎರಡು ಉದ್ದನೆಯ ಭಾಗಗಳಿವೆ. ಮಾಮೂಲಿ ಹೊತ್ತಿನಲ್ಲಿ ಅಲ್ಲಿನ ಸ್ನಾಯು ಬಿಗಿದುಕೊಂಡಿರುತ್ತದೆ. ಹಾಗಾಗಿ ರಕ್ತ ಜಾಸ್ತಿ ಒಳಗೆ ಬರುವುದಿಲ್ಲ. ಆಸೆ ಹುಟ್ಟಿದಾಗ ನರಗಳ ತುದಿಯಿಂದ ನೈಟ್ರಿಕ್ ಆಕ್ಸೈಡ್ ಹೊರಬರುತ್ತದೆ. ಬಿಗಿದಿದ್ದ ಸ್ನಾಯು ಸಡಿಲವಾಗುತ್ತದೆ. ಪೊಳ್ಳುಗಳಲ್ಲಿ ರಕ್ತ ತುಂಬುತ್ತದೆ. ತುಂಬಿದ ಒತ್ತಡಕ್ಕೆ ರಕ್ತ ಹೊರಗೆ ಹೋಗುವ ನಾಳಗಳು ಅದುಮಿಕೊಳ್ಳುತ್ತವೆ. ಆಗ ನಿಮಿರುವಿಕೆ ಗಟ್ಟಿಯಾಗಿ ಉಳಿಯುತ್ತದೆ. ಹೊರಗೆ ಗಟ್ಟಿಯಾಗಿ ಕಾಣುವುದಕ್ಕೆ ಕಾರಣ ಒಳಗಿನ ಸ್ನಾಯು ಸಡಿಲವಾದದ್ದು. ಇದೊಂದು ಸಂಗತಿ ಗೊತ್ತಿದ್ದರೆ ಅರ್ಧ ವಿಷಯ ಅರ್ಥವಾದಂತೆ.

ಏಕೆಂದರೆ ಭಯ ಮಾಡುವ ಕೆಲಸ ಇದಕ್ಕೆ ಪೂರ್ತಿ ಉಲ್ಟಾ. ಹೆದರಿದಾಗ ಅಡ್ರಿನಲಿನ್ ಏರುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಅಂಗೈ ಬೆವರುತ್ತದೆ, ರಕ್ತ ಕೈಕಾಲಿನ ದೊಡ್ಡ ಸ್ನಾಯುಗಳ ಕಡೆ ಹರಿಯುತ್ತದೆ. ಶಿಶ್ನದೊಳಗಿನ ಸ್ನಾಯು ಬಿಗಿಯುತ್ತದೆ, ನಿಮಿರುವಿಕೆ ಇಳಿಯುತ್ತದೆ. ಅಪಾಯ ಎದುರಿದ್ದಾಗ ದೇಹ ಓಡಲು ಸಿದ್ಧವಾಗಬೇಕು, ಸೇರಲು ಅಲ್ಲ. ಎದುರಿಗಿರುವುದು ಹುಲಿಯೋ, 'ಇವತ್ತೂ ಆಗದಿದ್ದರೆ ಏನು ಗತಿ' ಎಂಬ ಯೋಚನೆಯೋ ಎಂದು ದೇಹ ವಿಚಾರಿಸುವುದಿಲ್ಲ. ಸ್ಖಲನವನ್ನು ನಡೆಸುವುದೂ ಇದೇ ಹೆದರಿಕೆಯ ಹೊತ್ತಿನ ನರಮಂಡಲವೇ. ಹೀಗಾಗಿ ಒಬ್ಬರೇ ಗಂಡಸಿಗೆ ಎರಡು ತೊಂದರೆಯೂ ಒಟ್ಟಿಗೆ ಬರಬಹುದು: ಗಟ್ಟಿ ನಿಲ್ಲುವುದೂ ಇಲ್ಲ, ಆಗುವುದೂ ಬೇಗ.

ನಿದ್ದೆ ಬರದ ರಾತ್ರಿಯನ್ನು ನೆನಪಿಸಿಕೊಳ್ಳಿ. ಬರಲೇಬೇಕು, ಬೆಳಿಗ್ಗೆ ಬೇಗ ಏಳಬೇಕು ಎಂದು ಹಠ ಹಿಡಿದಷ್ಟೂ ಕಣ್ಣು ಬಿಟ್ಟುಕೊಂಡೇ ಇರುತ್ತದೆ ಅಲ್ವಾ? ನಿಮಿರುವಿಕೆಯೂ ಹಾಗೇ, ಹಠ ಬಿಟ್ಟಾಗ ತಾನಾಗಿ ಬರುವಂಥದ್ದು. ಅಮೆರಿಕದ ಲೈಂಗಿಕ ಸಂಶೋಧಕರಾದ ವಿಲಿಯಂ ಮಾಸ್ಟರ್ಸ್ ಮತ್ತು ವರ್ಜೀನಿಯಾ ಜಾನ್ಸನ್ 1970ರ ಹೊತ್ತಿಗೇ ಇದನ್ನು ಗುರುತಿಸಿದ್ದರು. ಭಯಪಡುವ ಗಂಡಸು ಕೂಟದಲ್ಲಿ ಇರುವುದೇ ಇಲ್ಲ, ಪಕ್ಕದಲ್ಲಿ ನಿಂತು ತನ್ನನ್ನು ತಾನೇ ನೋಡುತ್ತಿರುತ್ತಾನೆ. 'ಬಂತಾ? ಇದೆಯಾ? ಇಳೀತಾ ಇದೆಯಾ?' ಹೆಂಡತಿಯ ಬೆರಳು, ಉಸಿರು, ಮೈಯ ಬಿಸಿ ಯಾವುದೂ ತಿಳಿಯುವುದಿಲ್ಲ. ಆಸೆಗೆ ಬೇಕಾದ್ದೆಲ್ಲ ಅಲ್ಲೇ ಇರುತ್ತದೆ, ಗಮನ ಮಾತ್ರ ಅಲ್ಲಿರುವುದಿಲ್ಲ.

ಇದಕ್ಕೆ ಒಂದೇ ಒಂದು ಕೆಟ್ಟ ರಾತ್ರಿ ಸಾಕು. ಸುಸ್ತಾಗಿತ್ತು, ಎರಡು ಪೆಗ್ ಜಾಸ್ತಿ ಆಗಿತ್ತು, ಕಾಂಡೋಮ್ ಹಾಕುವಷ್ಟರಲ್ಲಿ ಇಳಿದುಹೋಯಿತು. ಯಾವುದೋ ಒಂದು ಸಣ್ಣ ಕಾರಣ. ಬಹುತೇಕ ಗಂಡಸರಿಗೆ ಯಾವಾಗಲೋ ಒಮ್ಮೆ ಆಗುವಂಥದ್ದೇ. ಆದರೆ ಮುಂದಿನ ಸಲ ಅದೇ ನೆನಪು ಮೊದಲು ಬರುತ್ತದೆ. ನೆನಪಿನಿಂದ ಭಯ, ಭಯದಿಂದ ಮತ್ತೆ ಅದೇ. ಮೂರನೆಯ ಸಲದ ಹೊತ್ತಿಗೆ ಅವರು ಹೆಂಡತಿ ಮಲಗಿದ ಮೇಲೆ ಕೋಣೆಗೆ ಹೋಗಲು ಶುರುಮಾಡಿರುತ್ತಾರೆ. ಮೊಬೈಲ್ ನೋಡುತ್ತಾ ಹಾಲ್‌ನಲ್ಲೇ ಕುಳಿತಿರುತ್ತಾರೆ. ತಪ್ಪಿಸಿಕೊಂಡಷ್ಟೂ ಭಯಕ್ಕೆ ಬಲ ಬರುತ್ತದೆ.

ನಮ್ಮ ಮದುವೆಗಳಲ್ಲಿ ಈ ಭಯಕ್ಕೆ ಮೊದಲ ದಿನವೇ ಜಾಗ ಮಾಡಿಕೊಡುತ್ತೇವೆ. ಮೊದಲ ರಾತ್ರಿಯ ದಿನ ಹುಡುಗ ಹುಡುಗಿ ಯಾವ ಸ್ಥಿತಿಯಲ್ಲಿರುತ್ತಾರೆ ನೋಡಿ. ನಸುಕಿಗೇ ಎದ್ದು ಎಣ್ಣೆಶಾಸ್ತ್ರ, ಹೊಗೆಯ ಮುಂದೆ ಕೂತು ಧಾರೆ, ಸಂಜೆ ಆರತಕ್ಷತೆ. ಸ್ಟೇಜಿನ ಮೇಲೆ ಗಂಟೆಗಟ್ಟಲೆ ನಿಂತು ಗುರುತಿಲ್ಲದವರಿಗೆಲ್ಲ ನಗು. ಕೊನೆಗೆ ತಣ್ಣಗಾದ ಊಟ. ಅದಾದ ಮೇಲೆ ಹೂವು ಹಾಕಿದ ಮಂಚ, ಹಾಲಿನ ಲೋಟ. ಗೋಡೆಯ ಆಚೆ ಚಿಕ್ಕಮ್ಮ ದೊಡ್ಡಮ್ಮಂದಿರು ಚಾಪೆ ಹಾಸಿಕೊಂಡು ಮಾತಾಡುವುದು ಕೇಳಿಸುತ್ತದೆ. ನಿಶ್ಚಿತಾರ್ಥದಿಂದ ಈಚೆಗೆ ಇಬ್ಬರೂ ಫೋನಿನಲ್ಲಿ ಮಾತಾಡಿದ್ದು ಬಿಟ್ಟರೆ ಒಬ್ಬರ ಕೈ ಒಬ್ಬರು ಸರಿಯಾಗಿ ಹಿಡಿದಿರುವುದಿಲ್ಲ. ಬೆಳಿಗ್ಗೆ ಎದ್ದು ಬಂದರೆ ಭಾವನ ಕಡೆಯವರು 'ಏನಪ್ಪಾ, ನಿದ್ದೆ ಆಯ್ತಾ?' ಎಂದು ಕಣ್ಣು ಹೊಡೆಯುತ್ತಾರೆ. ಇಂಥ ರಾತ್ರಿ ಆಗದೇ ಇದ್ದರೆ ಅದರಲ್ಲಿ ಆಶ್ಚರ್ಯವೇನಿದೆ? ಆ ರಾತ್ರಿ ಇಬ್ಬರಿಗೂ ಬೇಕಾಗಿರುವುದು ನಿದ್ದೆ. ಮದುವೆ ಗೊತ್ತಾಗಿರುವ ಹುಡುಗರ ತಂದೆ, ಮಾವ, ಅಣ್ಣಂದಿರು ಇಷ್ಟನ್ನೊಂದು ಬಾಯಿಬಿಟ್ಟು ಹೇಳಿದರೆ ದೊಡ್ಡ ಉಪಕಾರ: 'ಅವಸರ ಬೇಡ ಕಣೋ. ವಾರ ಆಗಲಿ, ತಿಂಗಳಾಗಲಿ. ಮೊದಲು ಇಬ್ಬರೂ ಪರಿಚಯ ಆಗಿ.'

ಆರು ತಿಂಗಳು ಕಳೆಯುವಷ್ಟರಲ್ಲಿ ಇನ್ನೊಂದು ಒತ್ತಡ ಶುರು. 'ಏನಾದ್ರೂ ವಿಶೇಷ ಇದೆಯಾ?' ಮಗು ಆಗಿಲ್ಲವೆಂದು ಫರ್ಟಿಲಿಟಿ ಕ್ಲಿನಿಕ್‌ಗೆ ಹೋದರೆ ಸ್ಕ್ಯಾನ್ ಮಾಡಿ ದಿನ ಗೊತ್ತುಮಾಡಿ ಕೊಡುತ್ತಾರೆ. ಇವತ್ತು, ನಾಳೆ, ನಾಡಿದ್ದು ಸೇರಲೇಬೇಕು. ಉಳಿದ ದಿನಗಳಲ್ಲಿ ಏನೂ ತೊಂದರೆ ಇಲ್ಲದ ಗಂಡಸಿಗೂ ಆ ಮೂರು ದಿನ ಆಗದೇ ಹೋಗಬಹುದು. ದಿನ ಗೊತ್ತುಮಾಡಿ 'ಆಗಲೇಬೇಕು' ಎಂದಾಗ ದೇಹ ಹೇಗೆ ಎದುರು ತಿರುಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗಲಾರದು. ಹೀಗಾಗುತ್ತಿದ್ದರೆ ಕ್ಲಿನಿಕ್‌ನಲ್ಲೇ ಹೇಳಿ. ದಿನದ ಲೆಕ್ಕ ಬಿಟ್ಟು ಎರಡು ಮೂರು ದಿನಕ್ಕೊಮ್ಮೆ ಸೇರಿದರೂ ಗರ್ಭ ನಿಲ್ಲುವ ಸಾಧ್ಯತೆ ಚೆನ್ನಾಗಿಯೇ ಇರುತ್ತದೆ.

ಇನ್ನು ತಲೆಯಲ್ಲಿ ತುಂಬಿಕೊಂಡ ಸುಳ್ಳು ಲೆಕ್ಕಗಳು. 2007ರಲ್ಲಿ ಶಾಲೆಗಳಿಗೆ ಹದಿಹರೆಯದ ಶಿಕ್ಷಣ ತರಲು ಹೊರಟಾಗ ಕರ್ನಾಟಕ ಸೇರಿದಂತೆ ಹಲವು ರಾಜ್ಯಗಳು ಬೇಡ ಎಂದವು. ಪಾಠ ನಿಂತಿತು, ಕುತೂಹಲ ನಿಲ್ಲಲಿಲ್ಲ. ಆ ಜಾಗವನ್ನು ಮೊಬೈಲಿನ ಅಶ್ಲೀಲ ವಿಡಿಯೋಗಳು ತುಂಬಿದವು. ಅಲ್ಲಿ ಅರ್ಧ ಗಂಟೆ, ಮುಕ್ಕಾಲು ಗಂಟೆ. ನಿಜ ಜೀವನದಲ್ಲಿ ಎಷ್ಟು? 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ನೆದರ್ಲೆಂಡ್ಸ್, ಬ್ರಿಟನ್, ಸ್ಪೇನ್, ಟರ್ಕಿ ಮತ್ತು ಅಮೆರಿಕದ ಸುಮಾರು 500 ಜೋಡಿಗಳು ಸ್ಟಾಪ್‌ವಾಚ್ ಹಿಡಿದು ಅಳೆದರು. ಯೋನಿಯೊಳಗೆ ಹೋದಾಗಿನಿಂದ ಸ್ಖಲನದವರೆಗೆ ಮಧ್ಯದ ಲೆಕ್ಕ 5.4 ನಿಮಿಷ. ವೈದ್ಯರು ಜೀವನದುದ್ದಕ್ಕೂ ಇರುವ ಶೀಘ್ರಸ್ಖಲನ ಎಂದು ಕರೆಯುವುದು ಹೆಚ್ಚುಕಡಿಮೆ ಒಂದು ನಿಮಿಷದೊಳಗೆ, ಯಾವಾಗಲೂ, ತಡೆಯಲು ಆಗದೆ, ಅದರಿಂದ ಸಂಕಟವೂ ಆಗುತ್ತಿದ್ದರೆ ಮಾತ್ರ. ನಾಲ್ಕು ನಿಮಿಷಕ್ಕೆ ಆಗುತ್ತದೆ ಎಂದು ಕೊರಗಿ ಲೇಹ್ಯ ತಿನ್ನುತ್ತಿರುವವರಿಗೆ ಕಾಯಿಲೆಯೇ ಇಲ್ಲ.

ಅಳತೆಯ ವಿಷಯವೂ ಅಷ್ಟೇ. ಹಲವು ದೇಶಗಳ 15,521 ಗಂಡಸರ ಅಳತೆಗಳನ್ನು ಒಟ್ಟು ಮಾಡಿ 2015ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ನಿಮಿರಿದಾಗಿನ ಸರಾಸರಿ ಉದ್ದ ಸುಮಾರು 13 ಸೆಂಟಿಮೀಟರ್. ಅಂದರೆ ಐದು ಇಂಚಿಗಿಂತ ಚೂರು ಜಾಸ್ತಿ. ಅದಕ್ಕೂ ಮುಖ್ಯ ವಿಷಯ ಇನ್ನೊಂದಿದೆ. ಬಹಳಷ್ಟು ಹೆಂಗಸರಿಗೆ ಬರೀ ಒಳಗೆ ಹೋಗುವುದರಿಂದ ತೃಪ್ತಿ ಸಿಗುವುದೇ ಇಲ್ಲ. ಅವರ ಸುಖದ ನರಗಳು ಹೆಚ್ಚಾಗಿ ಸೇರಿರುವುದು ಹೊರಗಿರುವ ಚಂದ್ರನಾಡಿಯ (ಕ್ಲಿಟೋರಿಸ್) ಸುತ್ತ. ಅದಕ್ಕೆ ಬೆರಳು, ನಾಲಿಗೆ, ಸಮಾಧಾನ ಸಾಕು. ಉದ್ದ, ನಿಮಿಷ ಎಂದು ಗಂಡಸು ಒದ್ದಾಡುತ್ತಿರುವಾಗ ಹೆಂಡತಿಗೆ ಬೇಕಾಗಿರುವುದು ಬೇರೆಯೇ ಇರುತ್ತದೆ. ಕೇಳಿದರೆ ತಾನೇ ಗೊತ್ತಾಗುವುದು.

ಧಾತು ಹೋಗುವ ಭಯ ನಮ್ಮಲ್ಲಿ ಬಹಳ ಹಳೆಯದು. ಮೂತ್ರದಲ್ಲಿ ಬೆಳ್ಳಗೆ ಹೋಗುತ್ತಿದೆ, ಕನಸಿನಲ್ಲಿ ಹೋಗುತ್ತಿದೆ, ಹಸ್ತಮೈಥುನ ಮಾಡಿ ಶಕ್ತಿಯೆಲ್ಲ ಕಳೆದುಕೊಂಡೆ ಎಂದು ಬಡಕಲಾಗಿ ಬರುವ ಹುಡುಗರನ್ನು ನೋಡಿ ಮನೋವೈದ್ಯ ಎನ್.ಎನ್. ವಿಗ್ 1960ರಲ್ಲೇ ಇದನ್ನು 'ಧಾತ್ ಸಿಂಡ್ರೋಮ್' ಎಂದು ಗುರುತಿಸಿದರು. ನಲವತ್ತು ಹನಿ ರಕ್ತ ಸೇರಿ ಒಂದು ಹನಿ ವೀರ್ಯ ಎಂಬ ಮಾತಿಗೆ ಆಧಾರವಿಲ್ಲ. ಒಂದು ಸಲಕ್ಕೆ ಹೊರಬರುವುದು ಕೆಲವು ಮಿಲಿಲೀಟರ್ ದ್ರವ. ಅದರ ಬಹುಪಾಲು ವೀರ್ಯಕೋಶ ಮತ್ತು ಪ್ರಾಸ್ಟೇಟ್ ಗ್ರಂಥಿಯಿಂದ ಬರುವಂಥದ್ದು, ದೇಹ ಅದನ್ನು ಸುಮ್ನೆ ಮತ್ತೆ ತಯಾರಿಸುತ್ತಲೇ ಇರುತ್ತದೆ. ಹಸ್ತಮೈಥುನದಿಂದ ನರ ಸತ್ತುಹೋಗುವುದಿಲ್ಲ, ಶಿಶ್ನ ಡೊಂಕಾಗುವುದಿಲ್ಲ, ಮದುವೆಯ ನಂತರ ಆಗದಂತೆ ಆಗುವುದೂ ಇಲ್ಲ. ಆದರೆ 'ನಾನು ಹಾಳಾಗಿದ್ದೇನೆ' ಎಂಬ ತಪ್ಪಿತಸ್ಥ ಭಾವನೆ ಹೊತ್ತು ಮೊದಲ ರಾತ್ರಿಗೆ ಹೋದರೆ ಅದೇ ಸಾಕು ಭಯ ಹುಟ್ಟಿಸಲು. ವಿಡಿಯೋ ನೋಡುವ ಚಟದಿಂದಲೇ ನಿಮಿರುವಿಕೆ ಹೋಗುತ್ತದೆಯೇ ಎಂಬ ಬಗ್ಗೆ ಸಂಶೋಧಕರಲ್ಲಿ ಒಮ್ಮತವಿಲ್ಲ. ಅಲ್ಲಿ ನೋಡಿದ್ದನ್ನು ಅಳತೆಗೋಲು ಮಾಡಿಕೊಂಡರೆ ತೊಂದರೆ ಎಂಬುದರಲ್ಲಿ ಮಾತ್ರ ನನಗೆ ಅನುಮಾನವಿಲ್ಲ.

ಇಷ್ಟು ಓದಿ 'ಎಲ್ಲ ಮನಸ್ಸಿನದೇ' ಎಂದು ತೀರ್ಮಾನಿಸಬೇಡಿ. ಅಲ್ಲೊಂದು ಅಪಾಯವಿದೆ.

ಆರೋಗ್ಯವಾಗಿರುವ ಗಂಡಸಿಗೆ ರಾತ್ರಿ ನಿದ್ದೆಯಲ್ಲಿ, ಕನಸು ಬೀಳುವ ಹಂತದಲ್ಲಿ, ಮೂರರಿಂದ ಐದು ಸಲ ತಾನಾಗಿ ನಿಮಿರುತ್ತದೆ. ಬೆಳಿಗ್ಗೆ ಎದ್ದಾಗ ಕಾಣುವುದು ಅದರ ಕೊನೆಯದ್ದು. ಬೆಳಗಿನ ಹೊತ್ತು ಗಟ್ಟಿಯಾಗಿರುತ್ತದೆ, ಒಬ್ಬರೇ ಇದ್ದಾಗ ಆಗುತ್ತದೆ, ಸಂಗಾತಿ ಜೊತೆಗಿದ್ದಾಗ ಮಾತ್ರ ಇಳಿಯುತ್ತದೆ, ಅದೂ ಇದ್ದಕ್ಕಿದ್ದಂತೆ ಶುರುವಾಗಿದೆ. ಹೀಗಿದ್ದರೆ ರಕ್ತನಾಳ, ನರಗಳು ಸರಿಯಾಗಿವೆ, ಭಯ ಅಡ್ಡ ಬರುತ್ತಿದೆ ಎಂದು ಬಹುಮಟ್ಟಿಗೆ ಅರ್ಥ. ಬೆಳಗಿನದ್ದೂ ಕಡಿಮೆಯಾಗುತ್ತಾ ಬಂದಿದೆ, ಒಬ್ಬರೇ ಇದ್ದಾಗಲೂ ಅಷ್ಟಕ್ಕಷ್ಟೇ, ವರ್ಷಗಳಲ್ಲಿ ನಿಧಾನವಾಗಿ ಹೀಗಾಗಿದೆ ಎಂದಾದರೆ ದೇಹವನ್ನು ಮೊದಲು ನೋಡಿಸಬೇಕು.

ನೋಡಿಸಬೇಕಾದದ್ದರಲ್ಲಿ ಮೊದಲನೆಯದು ಸಕ್ಕರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ನಡೆಸಿದ ದೊಡ್ಡ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಡಯಾಬಿಟಿಸ್ ಇದೆ. ಅದು ಸಣ್ಣ ರಕ್ತನಾಳವನ್ನೂ ಕೆಡಿಸುತ್ತದೆ, ನರವನ್ನೂ ಕೆಡಿಸುತ್ತದೆ. ಎಷ್ಟೋ ಗಂಡಸರಿಗೆ ಸಕ್ಕರೆ ಕಾಯಿಲೆ ಇರುವುದು ಗೊತ್ತಾಗುವುದೇ ಈ ತೊಂದರೆ ಎಂದು ಡಾಕ್ಟರ್ ಹತ್ತಿರ ಹೋದಾಗ. ಎರಡನೆಯದು ಹೃದಯ. ಶಿಶ್ನಕ್ಕೆ ಹೋಗುವ ರಕ್ತನಾಳದ ಅಗಲ ಒಂದೆರಡು ಮಿಲಿಮೀಟರ್. ಹೃದಯದ್ದು ಮೂರು ನಾಲ್ಕು. ಕೊಬ್ಬು ಕಟ್ಟಿಕೊಳ್ಳಲು ಶುರುವಾದರೆ ಸಣ್ಣದಕ್ಕೇ ಮೊದಲು ಪೆಟ್ಟು. ಹೀಗಾಗಿ ನಲವತ್ತು ದಾಟಿದವರಲ್ಲಿ ನಿಮಿರುವಿಕೆಯ ತೊಂದರೆ ಎದೆನೋವಿಗಿಂತ ಎರಡು ಮೂರು ವರ್ಷ ಮೊದಲೇ ಕಾಣಿಸಬಹುದು. ಬೀಡಿ ಸಿಗರೇಟು ಸೇದುವವರು ಇದನ್ನು ಎರಡು ಸಲ ಓದಲಿ. ಬಿಪಿಯ ಕೆಲವು ಮಾತ್ರೆ, ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳಿಂದಲೂ ಹೀಗಾಗುತ್ತದೆ. ಅವನ್ನು ನೀವೇ ನಿಲ್ಲಿಸಬೇಡಿ. ಡಾಕ್ಟರಿಗೆ ಹೇಳಿದರೆ ಬದಲಿ ಮಾತ್ರೆ ಬರೆದುಕೊಡುತ್ತಾರೆ.

ದೇಹದ ಕಾರಣ ಇದ್ದವರಿಗೂ ಭಯ ಜೊತೆ ಸೇರಿಕೊಳ್ಳುತ್ತದೆ ಎಂಬುದು ಇನ್ನೊಂದು ಮಾತು. ಸಕ್ಕರೆಯಿಂದ ಸ್ವಲ್ಪ ಕಡಿಮೆಯಾಗಿರುತ್ತದೆ, ಉಳಿದದ್ದನ್ನು ಚಿಂತೆ ಕಳೆಯುತ್ತದೆ. ಆದ್ದರಿಂದ ಒಳ್ಳೆಯ ಡಾಕ್ಟರ್ ಎರಡನ್ನೂ ನೋಡುತ್ತಾರೆ.

ಈಗ ಆ ನೀಲಿ ಮಾತ್ರೆ. ವಯಾಗ್ರಾ ಎಂದು ಹೆಸರಾದ ಸಿಲ್ಡೆನಾಫಿಲ್ ಅನ್ನು ಮೊದಲು ಪರೀಕ್ಷಿಸಿದ್ದು ಹೃದಯದ ನೋವಿಗೆ. ನಿಮಿರುವಿಕೆಗೆ ಅದು ಕೆಲಸ ಮಾಡುತ್ತದೆ ಎಂದು ಗೊತ್ತಾಗಿ 1998ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಸ್ನಾಯುವನ್ನು ಸಡಿಲವಾಗಿಡುವ ರಾಸಾಯನಿಕ ಬೇಗ ಕರಗದಂತೆ ಅದು ನೋಡಿಕೊಳ್ಳುತ್ತದೆ, ಅಷ್ಟೇ. ಆಸೆಯನ್ನು ಅದು ಹುಟ್ಟಿಸುವುದಿಲ್ಲ. ಮಾತ್ರೆ ನುಂಗಿ 'ಈಗ ಬರುತ್ತಾ' ಎಂದು ಗಡಿಯಾರ ನೋಡುತ್ತಾ ಕೂತರೆ ಅದೂ ಸೋಲಬಹುದು. ಹೊಟ್ಟೆ ತುಂಬ ಎಣ್ಣೆಯ ಊಟ ಮಾಡಿ ನುಂಗಿದರೆ ಕೆಲಸ ತಡವಾಗುತ್ತದೆ. ಭಯದ ಚಕ್ರದಲ್ಲಿ ಸಿಕ್ಕ ಹುಡುಗನಿಗೆ ಡಾಕ್ಟರ್ ಕೆಲವು ವಾರ ಸಣ್ಣ ಡೋಸ್ ಕೊಡುವುದುಂಟು, ಧೈರ್ಯ ಮರಳಲಿ ಎಂದು. ಅದರಲ್ಲಿ ತಪ್ಪಿಲ್ಲ. ಆದರೆ ಇದು ಡಾಕ್ಟರ ಚೀಟಿ ಇಲ್ಲದೆ ಕೊಡುವಂತಿಲ್ಲದ ಮಾತ್ರೆ, ಅದಕ್ಕೆ ಕಾರಣವಿದೆ. ಎದೆನೋವಿಗೆ ನಾಲಿಗೆ ಕೆಳಗೆ ಇಡುವ ಸಾರ್ಬಿಟ್ರೇಟ್‌ನಂಥ ನೈಟ್ರೇಟ್ ಮಾತ್ರೆಗಳ ಜೊತೆ ಇದು ಸೇರಿದರೆ ಬಿಪಿ ಪಾತಾಳಕ್ಕೆ ಇಳಿದು ಜೀವ ಹೋಗಬಹುದು. ಇದನ್ನು ನುಂಗಿದ ರಾತ್ರಿ ಎದೆನೋವು ಬಂದು ಆಸ್ಪತ್ರೆಗೆ ಹೋದರೆ ನಾಚಿಕೆ ಪಕ್ಕಕ್ಕಿಟ್ಟು ಮೊದಲು ಇದನ್ನೇ ಹೇಳಬೇಕು. ನಾಲ್ಕು ಗಂಟೆಯಾದರೂ ಇಳಿಯದೆ ನೋಯುತ್ತಿದ್ದರೆ ಅದೂ ತುರ್ತು.

'ಗಿಡಮೂಲಿಕೆ' ಎಂದು ಮಾರುವ ಎಷ್ಟೋ ಪುಡಿಗಳಲ್ಲಿ ಇದೇ ಸಿಲ್ಡೆನಾಫಿಲ್ ಅನ್ನು ಹೇಳದೆ ಬೆರೆಸಿರುವುದನ್ನು ಅಮೆರಿಕದ ಔಷಧ ನಿಯಂತ್ರಕರು ಮತ್ತೆ ಮತ್ತೆ ಪತ್ತೆ ಮಾಡಿದ್ದಾರೆ. ಪುಡಿ ಕೆಲಸ ಮಾಡಿತು ಎಂದು ಖುಷಿಪಡುವ ಹೃದ್ರೋಗಿಗೆ ತಾನು ಏನು ನುಂಗುತ್ತಿದ್ದೇನೆ ಎಂದೇ ಗೊತ್ತಿರುವುದಿಲ್ಲ. ಗಂಡು ಹಾರ್ಮೋನ್ ಆದ ಟೆಸ್ಟೋಸ್ಟೆರಾನ್ ಇಂಜೆಕ್ಷನ್ ಬಗ್ಗೆಯೂ ಒಂದು ಎಚ್ಚರ. ಬೆಳಿಗ್ಗೆ ರಕ್ತ ಪರೀಕ್ಷೆ ಮಾಡಿಸಿ, ಕಡಿಮೆ ಇರುವುದು ಖಚಿತವಾದವರಿಗೆ ಮಾತ್ರ ಅದು ಬೇಕು. ಸುಮ್ಸುಮ್ನೆ ಚುಚ್ಚಿಸಿಕೊಂಡರೆ ವೀರ್ಯಾಣು ತಯಾರಾಗುವುದೇ ನಿಲ್ಲಬಹುದು. ಮಗು ಬೇಕೆನ್ನುವವರು ಹತ್ತಿರವೂ ಹೋಗಬಾರದು.

ಭಯಕ್ಕೆ ನಿಜವಾದ ಚಿಕಿತ್ಸೆ ಶುರುವಾಗುವುದು ಒಂದು ನಿಷೇಧದಿಂದ. ಕೆಲವು ವಾರ ಸಂಭೋಗ ಬೇಡ. ಇದನ್ನು ರೂಪಿಸಿದವರೂ ಮಾಸ್ಟರ್ಸ್ ಮತ್ತು ಜಾನ್ಸನ್ ಅವರೇ. ಇವತ್ತಿಗೂ ಲೈಂಗಿಕ ಚಿಕಿತ್ಸಕರು ಇದನ್ನೇ ಬೇರೆ ಬೇರೆ ರೀತಿಯಲ್ಲಿ ಮಾಡಿಸುತ್ತಾರೆ. ಇಬ್ಬರೂ ಮೊದಲೇ ಒಪ್ಪಿಕೊಳ್ಳಬೇಕು: ಏನೇ ಆಗಲಿ, ಒಳಗೆ ಹೋಗುವ ಮಾತಿಲ್ಲ. ಆ ಒಪ್ಪಂದ ಆದ ಕ್ಷಣವೇ ತಲೆಯ ಮೇಲಿನ ಅರ್ಧ ಭಾರ ಇಳಿಯುತ್ತದೆ. ಸೋಲಲು ಏನೂ ಉಳಿದಿರುವುದಿಲ್ಲವಲ್ಲ.

ವಾರಕ್ಕೆ ಎರಡು ಮೂರು ದಿನ, ಫೋನ್ ಹೊರಗಿಟ್ಟು, ಬಾಗಿಲು ಹಾಕಿಕೊಂಡು, ಒಬ್ಬರು ಮಲಗಬೇಕು, ಇನ್ನೊಬ್ಬರು ಮುಟ್ಟಬೇಕು. ಹದಿನೈದು ಇಪ್ಪತ್ತು ನಿಮಿಷ. ಆಮೇಲೆ ಸರದಿ ಬದಲು. ತಲೆಗೂದಲು, ಕುತ್ತಿಗೆ, ಬೆನ್ನು, ಅಂಗೈ, ಪಾದ. ಮೊದಲ ವಾರಗಳಲ್ಲಿ ಎದೆ ಮತ್ತು ಗುಪ್ತಾಂಗ ಬಿಟ್ಟು. ಗಮನವೆಲ್ಲ ಚರ್ಮದ ಮೇಲೆ: ಬಿಸಿಯಾ, ತಂಪಾ, ಮೃದುವಾ, ಇಲ್ಲಿ ಹಿತವಾ, ಅಲ್ಲಿ ಕಚಗುಳಿಯಾ. 'ಈಗ ನಿಮಿರಿದೆಯಾ' ಎಂಬ ಯೋಚನೆ ಬಂದರೆ ಬೈದುಕೊಳ್ಳುವುದು ಬೇಡ, ಮತ್ತೆ ಬೆರಳಿನ ಕಡೆ ಗಮನ ತಂದರೆ ಆಯಿತು. ಮುಂದಿನ ಹಂತದಲ್ಲಿ ಎಲ್ಲ ಕಡೆ ಮುಟ್ಟಬಹುದು, ಸಂಭೋಗ ಮಾತ್ರ ಇನ್ನೂ ಇಲ್ಲ. ಈ ಹಂತದಲ್ಲಿ ಒಂದು ವಿಶೇಷವಿದೆ. ನಿಮಿರಿದ ಮೇಲೆ ಬೇಕೆಂದೇ ಕೈ ತೆಗೆದು, ಪೂರ್ತಿ ಇಳಿಯಲು ಬಿಡಬೇಕು. ಸ್ವಲ್ಪ ಹೊತ್ತು ಮಾತಾಡಿ ಮತ್ತೆ ಮುಟ್ಟಬೇಕು. ಮತ್ತೆ ಬರುತ್ತದೆ. ಇಳಿದದ್ದು ಮತ್ತೆ ಬರುತ್ತದೆ ಎಂಬುದನ್ನು ದೇಹವೇ ಕಂಡುಕೊಂಡ ಮೇಲೆ, ಇಳಿಯುವುದು ಗಾಬರಿಯ ವಿಷಯವಾಗಿ ಉಳಿಯುವುದಿಲ್ಲ. ಎಷ್ಟು ಬುದ್ಧಿಮಾತು ಹೇಳಿದರೂ ಬರದ ಧೈರ್ಯ ಇದರಿಂದ ಬರುತ್ತದೆ. ಮೂರನೆಯ ಹಂತ ಸಂಭೋಗ. ಅದೂ ಅವಸರವಿಲ್ಲದೆ, ಮೊದಮೊದಲು ಅಲುಗಾಡದೆ ಸುಮ್ಮನಿದ್ದು.

ಬೇಗ ಸ್ಖಲನವಾಗುವವರಿಗೆ 1956ರಲ್ಲಿ ಜೇಮ್ಸ್ ಸೀಮನ್ಸ್ ಎಂಬ ವೈದ್ಯರು ಹೇಳಿಕೊಟ್ಟ ಉಪಾಯ ಇಂದಿಗೂ ಬಳಕೆಯಲ್ಲಿದೆ. ಇನ್ನೇನು ತಡೆಯಲಾಗದು ಎನ್ನುವ ಹಂತಕ್ಕಿಂತ ಮುಂಚೆಯೇ ನಿಲ್ಲಿಸುವುದು, ಉದ್ವೇಗ ಇಳಿದ ಮೇಲೆ ಮತ್ತೆ ಶುರು ಮಾಡುವುದು. ಮೂರು ಸಲ ಹೀಗೆ ಮಾಡಿ ನಾಲ್ಕನೆಯದಕ್ಕೆ ಬಿಟ್ಟುಬಿಡುವುದು. ಮೊದಲು ಒಬ್ಬರೇ, ಆಮೇಲೆ ಸಂಗಾತಿಯ ಕೈಯಲ್ಲಿ. ಇದಕ್ಕೆ ಡಪಾಕ್ಸೆಟಿನ್‌ನಂಥ ಮಾತ್ರೆಗಳೂ ಇವೆ, ಡಾಕ್ಟರ್ ಬರೆದುಕೊಟ್ಟರೆ ಮಾತ್ರ.

ಇಲ್ಲೆಲ್ಲ ಹೆಂಡತಿ ಎಂದೇ ಬರೆಯುತ್ತಿದ್ದೇನೆ. ಮದುವೆ ಆಗಿರಲಿ, ಬಿಡಲಿ, ಸಂಗಾತಿ ಯಾರೇ ಆಗಿರಲಿ, ದೇಹದ ಲೆಕ್ಕ ಇದೇ. ಸಂಗಾತಿ ಇಲ್ಲದವರು ಒಬ್ಬರೇ ಕೌನ್ಸೆಲಿಂಗ್‌ಗೆ ಹೋಗಬಹುದು.

ಆ ಕಡೆ ಮಲಗಿರುವವರ ಮನಸ್ಸಿನಲ್ಲಿ ಏನು ನಡೆಯುತ್ತದೆ ಎಂಬುದನ್ನು ಈ ಚರ್ಚೆಗಳಲ್ಲಿ ಮರೆತುಬಿಡುತ್ತೇವೆ. ಗಂಡ ಏನೂ ಹೇಳದೆ ಬೆನ್ನು ತಿರುಗಿಸಿದಾಗ ಹೆಂಡತಿ ಅಂದುಕೊಳ್ಳುವುದು 'ಇವರಿಗೆ ಭಯ' ಎಂದಲ್ಲ. 'ನಾನು ಚೆನ್ನಾಗಿಲ್ಲ', 'ನನ್ನನ್ನು ಬಲವಂತಕ್ಕೆ ಮದುವೆಯಾಗಿದ್ದಾರೆ', 'ಬೇರೆ ಯಾರೋ ಇದ್ದಾರೆ'. ಕೆಲವರು ಅಮ್ಮನಿಗೆ ಫೋನ್ ಮಾಡುತ್ತಾರೆ, ಅಲ್ಲಿಂದ ಎರಡು ಮನೆಯ ಪಂಚಾಯಿತಿ, ವಕೀಲರು. ಇನ್ನು ಕೆಲವರಿಗೆ ತಮಗೇ ನೋವಿನ ಭಯ ಇರುತ್ತದೆ, ಒಳಗಿನ ಸ್ನಾಯು ಬಿಗಿದುಕೊಂಡು ಒಳಗೆ ಹೋಗಲು ಬಿಡುವುದಿಲ್ಲ. ಅದನ್ನು ಗಂಡ ತನ್ನ ಸೋಲು ಎಂದುಕೊಳ್ಳುತ್ತಾರೆ. ಇಬ್ಬರ ಭಯವೂ ಒಂದೇ ಮಂಚದ ಮೇಲೆ, ಇಬ್ಬರೂ ಮೌನ. ವರ್ಷಗಟ್ಟಲೆ ಕೂಡದ ಮದುವೆಗಳಲ್ಲಿ ಹೀಗಿರುವುದು ಅಪರೂಪವಲ್ಲ. ಇದಕ್ಕೂ ಒಳ್ಳೆಯ ಚಿಕಿತ್ಸೆ ಇದೆ, ಸ್ತ್ರೀರೋಗ ತಜ್ಞರ ಹತ್ತಿರ ಕೇಳಬೇಕು.

ಹೇಳುವುದು ಹೇಗೆ? ಹಾಸಿಗೆಯಲ್ಲಿ, ಆಗದೇ ಹೋದ ಗಳಿಗೆಯಲ್ಲಿ ಬೇಡ. ಸಂಜೆ ವಾಕಿಂಗ್ ಹೋಗುವಾಗಲೋ, ಬೈಕ್ ನಿಲ್ಲಿಸಿ ಕಾಫಿ ಕುಡಿಯುವಾಗಲೋ. 'ನಿನ್ನ ಮೇಲೆ ಆಸೆ ಇಲ್ಲ ಅಂತಲ್ಲ. ಆಗ್ಬೇಕು ಆಗ್ಬೇಕು ಅನ್ನೋ ಟೆನ್ಶನ್ ಜಾಸ್ತಿ ಆಗಿ ಎಲ್ಲ ನಿಂತುಹೋಗುತ್ತೆ. ಡಾಕ್ಟರ್ ಹತ್ರ ಹೋಗೋಣ ಅಂತಿದ್ದೀನಿ, ನೀನೂ ಬರ್ತೀಯಾ?' ಇಷ್ಟು ಸಾಕು. ಕೇಳಿಸಿಕೊಳ್ಳುವವರು ಮಾಡಬೇಕಾದದ್ದು ಇನ್ನೂ ಕಡಿಮೆ. ಗಂಡಸುತನದ ಮಾತು ತೆಗೆಯಬಾರದು, ಜಗಳದ ಹೊತ್ತಿನಲ್ಲಿ ಅದನ್ನು ಎತ್ತಿ ಆಡಬಾರದು. 'ಪರವಾಗಿಲ್ಲ ರೀ, ಇವತ್ತು ಸುಮ್ನೆ ಹತ್ತಿರ ಮಲಗಿ' ಎಂಬ ಒಂದು ಮಾತಿಗೆ ಲೇಹ್ಯಕ್ಕಿಲ್ಲದ ಶಕ್ತಿ ಇದೆ.

ಗೋಡೆ, ಬಸ್ ಸ್ಟ್ಯಾಂಡು, ಶೌಚಾಲಯದ ಬಾಗಿಲು, ಈಗ ರೀಲ್ಸ್ ಎಲ್ಲೆಲ್ಲೂ 'ನರದೌರ್ಬಲ್ಯಕ್ಕೆ ಶಾಶ್ವತ ಪರಿಹಾರ' ಎಂದು ಬರೆದುಕೊಳ್ಳುವವರ ಬಗ್ಗೆ ಕಾನೂನು ಸುಮ್ಮನಿಲ್ಲ. ಲೈಂಗಿಕ ಸುಖದ ಶಕ್ತಿ ಹೆಚ್ಚಿಸುತ್ತದೆ ಎಂದು ಔಷಧಿಯ ಜಾಹೀರಾತು ಕೊಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯ 3ನೇ ಸೆಕ್ಷನ್ ನಿಷೇಧಿಸುತ್ತದೆ. ಅಂದರೆ ಆ ಗೋಡೆಯ ಬರಹವೇ ಅಪರಾಧ. ಎಪ್ಪತ್ತು ವರ್ಷ ಕಳೆದರೂ ಗೋಡೆಗಳು ಹಾಗೇ ಇವೆ ಎಂಬುದಕ್ಕೆ ನನಗೆ ಸಿಟ್ಟಿದೆ. ಮೋಸಹೋದವರು ಮರ್ಯಾದೆಗೆ ಅಂಜಿ ದೂರು ಕೊಡುವುದಿಲ್ಲ ಎಂಬುದು ಈ ವ್ಯಾಪಾರಿಗಳಿಗೆ ಚೆನ್ನಾಗಿ ಗೊತ್ತು. ಆ ಎಂಜಿನಿಯರ್ ಠಾಣೆಗೆ ಹೋದದ್ದು ಅದಕ್ಕೇ ದೊಡ್ಡ ವಿಷಯ.

ಹಾಗಾದರೆ ಯಾರ ಹತ್ತಿರ ಹೋಗುವುದು? ಮೊದಲು ನಿಮ್ಮ ಮಾಮೂಲಿ ಎಂಬಿಬಿಎಸ್ ಡಾಕ್ಟರೇ ಸಾಕು. ಸೊಂಟ ನೋವು ಎಂದು ಹೋಗಿ, ಎದ್ದು ಬಾಗಿಲ ಹತ್ತಿರ ಬಂದ ಮೇಲೆ ತಿರುಗಿ ಕೇಳುವುದು ಬೇಡ. ಕೂತ ಕೂಡಲೇ ಹೇಳಿ: 'ಡಾಕ್ಟ್ರೇ, ಸೇರುವಾಗ ಗಟ್ಟಿ ನಿಲ್ಲುತ್ತಿಲ್ಲ. ನಾಲ್ಕು ತಿಂಗಳಾಯಿತು. ಬೆಳಿಗ್ಗೆ ಸರಿ ಇರುತ್ತದೆ.' ಇಂಥದ್ದನ್ನು ಅವರು ಮೊದಲ ಸಲ ಕೇಳುತ್ತಿರುವುದಿಲ್ಲ. ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್, ಬೇಕಿದ್ದರೆ ಥೈರಾಯ್ಡ್ ಮತ್ತು ಬೆಳಗಿನ ಟೆಸ್ಟೋಸ್ಟೆರಾನ್. ಇವಿಷ್ಟು ಯಾವ ಲ್ಯಾಬಿನಲ್ಲೂ ಆಗುವ ಪರೀಕ್ಷೆಗಳು. ದೇಹದ ಕಾರಣ ಸಿಕ್ಕರೆ ಯೂರಾಲಜಿಸ್ಟ್ ಕಡೆಗೆ, ಭಯದ್ದಾದರೆ ಮನೋವೈದ್ಯರ ಕಡೆಗೆ ಕಳಿಸುತ್ತಾರೆ. ಮನೋವೈದ್ಯರು ಎಂದ ಕೂಡಲೇ ಗಾಬರಿ ಬೇಡ. ಈ ತೊಂದರೆಗೆ ಚಿಕಿತ್ಸೆ ಕೊಡುವ ತರಬೇತಿ ಅವರಿಗಿದೆ. ಹದಿಹರೆಯದ ಹುಡುಗರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್‌ಗಳಿವೆ. ಬೋರ್ಡಿನ ಮೇಲೆ 'ಸೆಕ್ಸಾಲಜಿಸ್ಟ್' ಎಂದಿದ್ದರೆ ಸಾಲದು, ಯಾವ ಡಿಗ್ರಿ, ಯಾವ ನೋಂದಣಿ ಎಂದು ನೋಡಿ. ಕರ್ನಾಟಕದಲ್ಲಿ ಖಾಸಗಿ ಕ್ಲಿನಿಕ್‌ಗಳು ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ (ಕೆಪಿಎಂಇ) ನೋಂದಣಿ ಸಂಖ್ಯೆಯನ್ನು ಕಾಣುವಂತೆ ಹಾಕಬೇಕು. ಟೆಂಟಿಗೆ ಅದಿರುವುದಿಲ್ಲ.

ಎದುರಿಗೆ ಕೂತು ಹೇಳಲು ಇನ್ನೂ ಧೈರ್ಯ ಬರದಿದ್ದರೆ ಫೋನ್ ಇದೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ ಸಂಖ್ಯೆ 14416. ದಿನದ 24 ಗಂಟೆಯೂ ಉಚಿತ, ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಕನ್ನಡದಲ್ಲೇ ಮಾತಾಡಬಹುದು.